ಕಾಟಾ ಯಾರ ಕೈಯಲ್ಲಿ

ಸವದತ್ತಿ ತಾಲ್ಲೂಕಿನ ಮುನವಳ್ಳಿಯ ಸಕ್ಕರೆ ಕಾರ್ಖಾನೆ ಶುರುವಾದದ್ದು ಬೇರೆ ಊರಿನ ಯಂತ್ರಗಳಿಂದ. ಆಂಧ್ರದ ಹಿಂದೂಪುರದಲ್ಲಿ ಸರ್ಕಾರಿ ಒಡೆತನದ ನಿಜಾಂ ಶುಗರ್ಸ್ ಕಂಪನಿಯ ಒಂದು ಘಟಕವಿತ್ತು. ಅದು ಸೊರಗಿ ಮಲಗಿದಾಗ, 1998ರ ಸುಮಾರಿಗೆ ಬೆಳಗಾವಿಯ ವಿದ್ಯಾ ಮುರಕುಂಬಿ ಮತ್ತು ಅವರ ಮಗ ನರೇಂದ್ರ ಮುರಕುಂಬಿ ಅವರ ಶ್ರೀ ರೇಣುಕಾ ಶುಗರ್ಸ್ ಅದನ್ನು ಆಂಧ್ರ ಸರ್ಕಾರದಿಂದ ಕೊಂಡಿತು. ಯಂತ್ರಗಳನ್ನು ಬಿಚ್ಚಿ ತಂದು ಮಲಪ್ರಭೆಯ ನೀರು ಹರಿಯುವ ಸೀಮೆಯಲ್ಲಿ ಮತ್ತೆ ಜೋಡಿಸಿತು. ಕಂಪನಿಗೆ ಸವದತ್ತಿ ಯಲ್ಲಮ್ಮನ ಇನ್ನೊಂದು ಹೆಸರು, ಸುತ್ತಲಿನ ರೈತರಿಗೂ ಒಂದಷ್ಟು ಷೇರು. ಮುಂದೆ 2005ರಲ್ಲಿ ಅದು ಷೇರುಪೇಟೆಗೆ ಹೋಯಿತು, 2010ರಲ್ಲಿ ಬ್ರೆಜಿಲ್‌ನಲ್ಲಿ ಕಾರ್ಖಾನೆಗಳನ್ನು ಕೊಂಡಿತು, ಅಲ್ಲಿನ ಸಾಲದಲ್ಲಿ ಸಿಕ್ಕಿಕೊಂಡಿತು. 2018ರ ಹೊತ್ತಿಗೆ ಅದರ ಬಹುಪಾಲು ಒಡೆತನ ಸಿಂಗಪುರದ ವಿಲ್ಮಾರ್ ಕೈ ಸೇರಿತ್ತು.

ಸರ್ಕಾರದ ಕಬ್ಬಿಣ ಇಪ್ಪತ್ತೇ ವರ್ಷದಲ್ಲಿ ಬೆಳಗಾವಿ ಮುಟ್ಟಿ ಸಿಂಗಪುರದ ಲೆಕ್ಕಪುಸ್ತಕ ಸೇರಿದ ಈ ಕಥೆಯನ್ನು ಕೇಳಿದರೆ ಮಾಸ್ಕೋದವರಿಗೋ ವಾರ್ಸಾದವರಿಗೋ ಏನೂ ವಿಶೇಷ ಅನಿಸುವುದಿಲ್ಲ. 1990ರ ದಶಕದಲ್ಲಿ ಅವರ ದೇಶಗಳಲ್ಲಿ ದಿನಬೆಳಗಾದರೆ ಇಂಥದೇ ಸುದ್ದಿ. ಕಮ್ಯುನಿಸ್ಟ್ ವ್ಯವಸ್ಥೆಯಿಂದ ಮಾರುಕಟ್ಟೆಗೆ ದಾಟುವುದು ಯಾಕೆ ಅಷ್ಟು ಕಷ್ಟವಾಯಿತು ಎಂಬ ಪ್ರಶ್ನೆಯ ಮೇಲೆ ಕಪಾಟುಗಟ್ಟಲೆ ಪುಸ್ತಕಗಳು ಬಂದಿವೆ. ಅವುಗಳಲ್ಲಿರುವ ಅರ್ಧ ಸಂಗತಿ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಬ್ಬಿನ ಹೊಲದಲ್ಲೇ ನೋಡಲು ಸಿಗುತ್ತದೆ.

ನಮ್ಮದು ಕಮ್ಯುನಿಸ್ಟ್ ದೇಶವಾಗಿರಲಿಲ್ಲ, ಹೊಲ ರೈತನ ಹೆಸರಿನಲ್ಲೇ ಇತ್ತು. ಸಾಮೂಹಿಕ ಬೇಸಾಯದ ಹತ್ತಿರ ನಾವು ಹೋದದ್ದು ಒಮ್ಮೆ ಮಾತ್ರ. 1959ರ ನಾಗಪುರ ಕಾಂಗ್ರೆಸ್ ಅಧಿವೇಶನ ಜಂಟಿ ಸಹಕಾರಿ ಬೇಸಾಯದ ನಿರ್ಣಯ ಮಾಡಿತು, ಚರಣ ಸಿಂಗ್ ಅಂಥವರು ಎದುರು ನಿಂತರು, ನಿರ್ಣಯ ಕಾಗದದಲ್ಲೇ ಉಳಿಯಿತು. ಆದರೆ ಸಕ್ಕರೆಯ ವಿಷಯ ಬೇರೆ. ಕಾರ್ಖಾನೆ ಎಲ್ಲಿ ಬರಬೇಕು ಎಂಬುದಕ್ಕೆ ದಿಲ್ಲಿಯ ಲೈಸೆನ್ಸ್ ಬೇಕಿತ್ತು. ಕಬ್ಬಿಗೆ ಕನಿಷ್ಠ ದರ ದಿಲ್ಲಿಯದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಯಾವ ಊರಿನ ಕಬ್ಬು ಯಾವ ಕಾರ್ಖಾನೆಗೆ ಎಂದು ಗಡಿ ಹಾಕಲಾಗುತ್ತಿತ್ತು. ಉತ್ಪಾದನೆಯಾದ ಸಕ್ಕರೆಯಲ್ಲಿ ಒಂದು ಪಾಲನ್ನು ಸರ್ಕಾರ ಅಗ್ಗದ ದರಕ್ಕೆ ಲೇವಿಯಾಗಿ ಎತ್ತಿಕೊಂಡು ಸೊಸೈಟಿ ಅಂಗಡಿಗೆ ಕಳಿಸುತ್ತಿತ್ತು. ಉಳಿದದ್ದನ್ನು ಪೇಟೆಗೆ ಬಿಡಬೇಕಾದರೂ ಈ ತಿಂಗಳು ಇಷ್ಟೇ ಚೀಲ ಎಂದು ದಿಲ್ಲಿಯಿಂದ ಆದೇಶ ಬರಬೇಕಿತ್ತು. ಸೋವಿಯತ್ ಯೋಜನಾ ಆಯೋಗದ ಗುಮಾಸ್ತನೊಬ್ಬನನ್ನು ತಂದು ಕೂರಿಸಿದ್ದರೆ ಈ ಕಡತಗಳನ್ನು ಓದಲು ಅವನಿಗೆ ತೊಡಕಾಗುತ್ತಿರಲಿಲ್ಲ.

ಆ ಕಾಲದಲ್ಲಿ ಮನೆಯಲ್ಲಿ ಮದುವೆ ಬಂತೆಂದರೆ ಸಕ್ಕರೆಗೆ ಪರ್ಮಿಟ್ಟು, ಸಿಮೆಂಟಿಗೆ ಪರ್ಮಿಟ್ಟು. ಲಗ್ನಪತ್ರಿಕೆ ಹಿಡಿದುಕೊಂಡು ತಾಲ್ಲೂಕು ಕಚೇರಿಗೆ ಅಲೆಯುವುದು ಮದುವೆಯ ಕೆಲಸಗಳಲ್ಲೇ ಒಂದಾಗಿತ್ತು, ವಶೀಲಿ ಇದ್ದವನಿಗೆ ಎರಡು ಚೀಲ ಹೆಚ್ಚು. ಹೊಲ ಉಳುವುದಕ್ಕೂ ಪೂರ್ವ ಯುರೋಪಿನ ನೆರಳಿತ್ತು. ಸರ್ಕಾರಿ ಎಚ್‌ಎಂಟಿಯ ಜೆಟರ್ ಟ್ರ್ಯಾಕ್ಟರ್ ಚೆಕೊಸ್ಲೊವಾಕಿಯಾದ ಬ್ರನೋ ನಗರದ ಕಂಪನಿಯ ತಂತ್ರಜ್ಞಾನ, ಎಸ್ಕಾರ್ಟ್ಸ್ ಮೊದಲ ಪಾಠ ಕಲಿತದ್ದು ಪೋಲೆಂಡಿನ ಉರ್ಸುಸ್‌ನಿಂದ. ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರಲ್ಲಿ. ಬ್ರನೋದ ಜೆಟರ್ ಮಾತ್ರ ಖಾಸಗಿ ಕೈಗೆ ಹೋಗಿ ಬದುಕಿಕೊಂಡಿತು.

ಲೇವಿ ಪದ್ಧತಿಯ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಅರ್ಥಶಾಸ್ತ್ರಜ್ಞರು ಚೀನಾದ ಜಾಣತನ ಎಂದು ಹೊಗಳುವ ಕ್ರಮವೊಂದನ್ನು ನಾವು ಅದಕ್ಕೂ ಮೊದಲೇ ನಡೆಸಿದ್ದೆವು. 1966–67ರ ಬರಗಾಲದಲ್ಲಿ ಕಬ್ಬು ಕಡಿಮೆಯಾಯಿತು. ಸಕ್ಕರೆಗೆ ಸರ್ಕಾರ ಹಾಕಿದ ಬೆಲೆ ಕೆಳಗೆ, ಬೆಲ್ಲಕ್ಕೆ ಪೇಟೆ ಕೊಡುವ ಬೆಲೆ ಮೇಲೆ. ಇದ್ದ ಕಬ್ಬೆಲ್ಲ ಗಾಣದ ಕಡೆ ತಿರುಗಿತು, ಕಾರ್ಖಾನೆಗಳು ಬಾಯಿ ತೆರೆದುಕೊಂಡು ನಿಂತವು. ಆಗ 1967ರಲ್ಲಿ ಸರ್ಕಾರ ಒಂದು ನಡುದಾರಿ ಹಿಡಿಯಿತು. ಶೇ 60 ಸಕ್ಕರೆ ಲೇವಿಗೆ, ಶೇ 40 ಮುಕ್ತ ಮಾರಾಟಕ್ಕೆ. ಮುಕ್ತ ಸಕ್ಕರೆಯ ಲಾಭದಿಂದ ಕಾರ್ಖಾನೆ ರೈತನಿಗೆ ಕನಿಷ್ಠ ದರಕ್ಕಿಂತ ಹೆಚ್ಚು ಕೊಡಬಹುದಾಯಿತು. ಒಂದೇ ವಸ್ತು, ಒಂದೇ ಗೋದಾಮು, ಎರಡು ಬೆಲೆ. ಚೀನಾ ತನ್ನ ಕಾರ್ಖಾನೆಗಳಿಗೆ ಯೋಜನೆಯ ಪಾಲು ಒಪ್ಪಿಸಿ ಮಿಕ್ಕಿದ್ದನ್ನು ಪೇಟೆ ಬೆಲೆಗೆ ಮಾರಿಕೊಳ್ಳಲು ಬಿಟ್ಟದ್ದು 1984–85ರಲ್ಲಿ. ಅಲ್ಲಿ ಅಗ್ಗದ ಬೆಲೆಗೆ ಎತ್ತಿ ದುಬಾರಿ ಬೆಲೆಗೆ ಮಾರುವ ಅಧಿಕಾರಿಗಳ ಬಳಗ ಬೆಳೆದು 1980ರ ದಶಕದ ಕೊನೆಗೆ ಜನರ ಸಿಟ್ಟಿಗೆ ಒಂದು ಕಾರಣವಾಯಿತು. ನಮ್ಮಲ್ಲಿ ಲೇವಿ ಸಕ್ಕರೆ ರಾತ್ರೋರಾತ್ರಿ ಸೊಸೈಟಿಯ ಹಿಂಬಾಗಿಲಿನಿಂದ ಹೋಗುತ್ತಿತ್ತು. ಎರಡು ಬೆಲೆ ಇದ್ದಲ್ಲಿ ನಡುವೆ ನಿಂತವನಿಗೆ ಲಾಭ.

ಒಮ್ಮೆಲೇ ಬಿಟ್ಟು ನೋಡಿದ್ದೂ ಉಂಟು. 1978ರ ಆಗಸ್ಟ್‌ನಲ್ಲಿ ಜನತಾ ಸರ್ಕಾರ ಸಕ್ಕರೆಯನ್ನು ಪೂರ್ತಿ ನಿಯಂತ್ರಣಮುಕ್ತ ಮಾಡಿತು. ಹಿಂದಿನ ಹಂಗಾಮಿನಲ್ಲಿ ದಾಖಲೆ ಉತ್ಪಾದನೆಯಾಗಿತ್ತು. ಗೋದಾಮು ತುಂಬಿದ್ದ ಹೊತ್ತಿನಲ್ಲಿ ಬಾಗಿಲು ತೆರೆದರೆ ಆಗುವುದೇ ಆಯಿತು, ಬೆಲೆ ನೆಲ ಕಚ್ಚಿತು. ಕಾರ್ಖಾನೆಗಳು ರೈತರ ಬಾಕಿ ಉಳಿಸಿಕೊಂಡವು, ರೈತರು ಕಬ್ಬು ಕಿತ್ತು ಬೇರೆ ಬಿತ್ತಿದರು, ಮರುವರ್ಷ ಸಕ್ಕರೆಗೆ ಬರ. 1979ರ ಡಿಸೆಂಬರ್‌ನಲ್ಲಿ ಲೇವಿ ಮರಳಿ ಬಂತು. ಕಬ್ಬು ವರ್ಷದ ಬೆಳೆ, ಕುಳೆ ಸೇರಿದರೆ ಎರಡು ಮೂರು ವರ್ಷದ್ದು. ಬೆಲೆ ಬಿದ್ದ ಸುದ್ದಿ ರೈತನಿಗೆ ತಲುಪುವಾಗ ಹೊಲದಲ್ಲಿ ಕಬ್ಬು ನಿಂತಿರುತ್ತದೆ. ಅವನು ಸಿಟ್ಟಿನಲ್ಲಿ ಕಿತ್ತ ಮೇಲೆ ಬೆಲೆ ಏರುತ್ತದೆ.

ಇದಕ್ಕೆ ಹೋಲಿಸಿದರೆ ರಷ್ಯಾದ ಜಿಗಿತ ಎದೆ ನಡುಗಿಸುವಂಥದು. 1992ರ ಜನವರಿ 2ರಂದು ಆರ್ಥಿಕ ಸುಧಾರಣೆಯ ಹೊಣೆ ಹೊತ್ತಿದ್ದ ಯೆಗೋರ್ ಗೈದಾರ್ ಅವರ ತಂಡ ಬಹುತೇಕ ಎಲ್ಲ ಬೆಲೆಗಳನ್ನು ಒಂದೇ ದಿನ ಬಿಟ್ಟಿತು. ಆ ಒಂದು ವರ್ಷದಲ್ಲಿ ಬೆಲೆಗಳು ಸುಮಾರು 25 ಪಟ್ಟು ಏರಿದವು, ಬ್ಯಾಂಕಿನಲ್ಲಿಟ್ಟ ಜೀವಮಾನದ ಉಳಿತಾಯ ಒಂದು ಜೊತೆ ಬೂಟಿನ ಬೆಲೆಗೆ ಇಳಿಯಿತು. ಅದೇ ಅಕ್ಟೋಬರ್‌ನಿಂದ ಪ್ರತಿ ಪ್ರಜೆಗೂ 10,000 ರೂಬಲ್ ಮುಖಬೆಲೆಯ ಒಂದೊಂದು ವೋಚರ್ ಹಂಚಿ, ಇನ್ನು ಕಾರ್ಖಾನೆಗಳು ನಿಮ್ಮವು ಎಂದರು. ಹಸಿದವರು ಅದನ್ನು ಸಿಕ್ಕ ಬೆಲೆಗೆ ಮಾರಿಕೊಂಡರು, ಕೊಂಡವರು ಕಾರ್ಖಾನೆಗಳ ಒಡೆಯರಾದರು. 1990ರಿಂದ 1994ರ ನಡುವೆ ರಷ್ಯಾದ ಗಂಡಸರ ಸರಾಸರಿ ಆಯುಷ್ಯ ಐದಾರು ವರ್ಷ ಕಡಿಮೆಯಾಯಿತು. ಯುದ್ಧವಿಲ್ಲದೆ ಇಷ್ಟು ಇಳಿದದ್ದು ಅಪರೂಪ. ಪೋಲೆಂಡ್ 1990ರ ಜನವರಿ 1ರಂದು ಇಷ್ಟೇ ರಭಸವಾಗಿ ಜಿಗಿದರೂ ಕೆಲವೇ ವರ್ಷಗಳಲ್ಲಿ ಕಾಲೂರಿ ನಿಂತಿತು. ಅಲ್ಲಿ ಕಮ್ಯುನಿಸ್ಟರ ಕಾಲದಲ್ಲೂ ಸುಮಾರು ಮುಕ್ಕಾಲು ಪಾಲು ಹೊಲ ರೈತರದ್ದೇ ಆಗಿತ್ತು, ಕೊಟ್ಟು ತೆಗೆದುಕೊಳ್ಳುವ ಅಭ್ಯಾಸ ಸತ್ತಿರಲಿಲ್ಲ. ಹಾಗಿದ್ದೂ ಸಕ್ಕರೆಯನ್ನು ಪೋಲೆಂಡ್ ಪೂರ್ತಿ ಬಿಡಲಿಲ್ಲ. ಒಂದಿಷ್ಟು ಕಾರ್ಖಾನೆಗಳು ಜರ್ಮನರ ಕೈಗೆ ಹೋದ ಮೇಲೆ ಉಳಿದವನ್ನು ಕೂಡಿಸಿ 2002ರಲ್ಲಿ ಸರ್ಕಾರಿ ಕಂಪನಿ ಮಾಡಿಕೊಂಡಿತು. ಅದೇ 2002ರಲ್ಲಿ ಕ್ಯೂಬಾ ತನ್ನ 156 ಸಕ್ಕರೆ ಕಾರ್ಖಾನೆಗಳಲ್ಲಿ 71ನ್ನು ಮುಚ್ಚಿತು. ಹೆಚ್ಚಿನ ಬೆಲೆ ಕೊಟ್ಟು ಅದರ ಸಕ್ಕರೆ ಎತ್ತುತ್ತಿದ್ದ ಸೋವಿಯತ್ ಒಕ್ಕೂಟವೇ ಇರಲಿಲ್ಲವಲ್ಲ. 1990ರಲ್ಲಿ 80 ಲಕ್ಷ ಟನ್ ದಾಟಿದ್ದ ಅಲ್ಲಿನ ಉತ್ಪಾದನೆ ಈಚೆಗೆ 5 ಲಕ್ಷ ಟನ್ನಿಗೂ ಕೆಳಗೆ ಬಂದಿದೆ.

ಸೋವಿಯತ್ ಗಿರಾಕಿ ಕಳೆದುಹೋದ ಬಿಸಿ ಕರ್ನಾಟಕಕ್ಕೂ ತಟ್ಟಿತು, ಆದರೆ ಕಾಫಿ ಸೀಮೆಯಲ್ಲಿ. 1942ರಿಂದ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿ ಕಂತಿನ ಹಣಕ್ಕೆ ಕಾಯುತ್ತಿದ್ದ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ 1992ರಿಂದ ಸ್ವಲ್ಪ ಸ್ವಲ್ಪ ಬಿಡುಗಡೆ ಸಿಕ್ಕಿ, 1996ರ ಹೊತ್ತಿಗೆ ಪೂರ್ತಿ ಸ್ವಾತಂತ್ರ್ಯ ಬಂತು. 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಬಿದ್ದ ಮಂಜಿನ ಹೊಡೆತದಿಂದ ಬೆಲೆ ಗಗನಕ್ಕೇರಿ ಸುಗ್ಗಿಯಾಯಿತು, 2001–02ರ ಕುಸಿತದಲ್ಲಿ ಮಂಡಳಿಯ ಕಾಲವೇ ವಾಸಿ ಎಂದವರೂ ಇದ್ದರು. ಕಾಫಿ ಕಾಯಿಯನ್ನು ಒಣಗಿಸಿ ಚೀಲದಲ್ಲಿ ಕಟ್ಟಿಟ್ಟು ಒಳ್ಳೆಯ ಬೆಲೆಗೆ ಕಾಯಬಹುದು. ಕಬ್ಬಿಗೆ ಆ ಪುಣ್ಯವಿಲ್ಲ. ಕಡಿದ ಮರುದಿನದಿಂದಲೇ ತೂಕ ಇಳಿಯುತ್ತದೆ, ರಸ ಕೆಡುತ್ತದೆ.

ಕಬ್ಬಿನ ಸೀಮೆಯಲ್ಲಿ ಬದಲಾವಣೆ ನಡೆದ ಪರಿ ನಿಧಾನದ್ದು, ಒಮ್ಮೊಮ್ಮೆ ಗೊತ್ತೇ ಆಗದಂಥದ್ದು. 1991ರ ಜುಲೈನ ಹೊಸ ಕೈಗಾರಿಕಾ ನೀತಿ ಬಹಳಷ್ಟು ಉದ್ಯಮಗಳ ಲೈಸೆನ್ಸ್ ತೆಗೆದರೂ ಸಕ್ಕರೆಯನ್ನು ಮುಟ್ಟಲಿಲ್ಲ. ಅದು ತೆರವಾದದ್ದು 1998ರ ಆಗಸ್ಟ್‌ನಲ್ಲಿ. ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ 15 ಕಿಲೊಮೀಟರ್ ದೂರವಿದ್ದರೆ ಸಾಕು ಎಂದಾಯಿತು. ಬೆಳಗಾವಿ ಜಿಲ್ಲೆಯ ಆಕಾಶದಲ್ಲಿ ಚಿಮಣಿಗಳು ಏಳತೊಡಗಿದ್ದು ಆಮೇಲೆ. 1990ರ ದಶಕದಲ್ಲಿ ಶೇ 40 ಇದ್ದ ಲೇವಿ 2002ಕ್ಕೆ ಶೇ 10ಕ್ಕೆ ಬಂತು. ಸಿ. ರಂಗರಾಜನ್ ಸಮಿತಿಯ ವರದಿಯ ನಂತರ 2013ರ ಏಪ್ರಿಲ್‌ನಲ್ಲಿ ಲೇವಿಯೂ ಹೋಯಿತು, ತಿಂಗಳ ಬಿಡುಗಡೆ ಆದೇಶವೂ ಹೋಯಿತು. ಕಾರ್ಖಾನೆಗೆ ಕೈಕಾಲು ಬಿಡುವಾಯಿತು.

ರೈತನಿಗೆ? ಇಲ್ಲೊಂದು ಹಳೆಯ ಜಗಳವನ್ನು ನೆನೆಯಬೇಕು. 1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದದಲ್ಲಿ ರೈತರು ಎದ್ದು ನಿಂತರು. ನೀರು ಸರಿಯಾಗಿ ಬಾರದ ಹೊಲಕ್ಕೂ ಅಭಿವೃದ್ಧಿ ಕರ ಕೊಡಿ ಎಂದ ಸರ್ಕಾರ, ಬಿದ್ದುಹೋದ ಹತ್ತಿ ಬೆಲೆ, ಇವೆರಡೂ ಸೇರಿ ಕಿಡಿ ಹತ್ತಿತ್ತು. ಗೋಲಿಬಾರಿನಲ್ಲಿ ರೈತರು ಸತ್ತರು. ರಾಜ್ಯ ರೈತ ಸಂಘ ಹುಟ್ಟಿದ್ದು ಆ ಬಿಸಿಯಲ್ಲಿ. ಮರುವರ್ಷ, 1981ರಲ್ಲಿ, ಇದೇ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಮಹಾರಾಷ್ಟ್ರದ ರೈತ ನಾಯಕ ಶರದ್ ಜೋಶಿ ತಂಬಾಕು ಬೆಳೆಗಾರರನ್ನು ಹೆದ್ದಾರಿಯಲ್ಲಿ ಕೂರಿಸಿದರು. ಅಲ್ಲೂ ಗುಂಡು ಹಾರಿತು. ಎರಡೂ ಚಳವಳಿಗಳಿಗೆ ಬೆಲೆಯೇ ಕೇಂದ್ರ. ಹತ್ತು ವರ್ಷ ಕಳೆಯುವುದರಲ್ಲಿ ದಾರಿಗಳು ಕವಲೊಡೆದವು. ಸರ್ಕಾರ ಕೈ ತೆಗೆದರೆ ರೈತನಿಗೆ ಬೆಲೆ ತಾನಾಗಿ ಸಿಗುತ್ತದೆ, ಮಾರುಕಟ್ಟೆ ತೆರೆಯಲಿ ಎಂದರು ಜೋಶಿ. ರಾಜ್ಯ ರೈತ ಸಂಘದ ಎಂ.ಡಿ. ನಂಜುಂಡಸ್ವಾಮಿ ಗ್ಯಾಟ್ ವ್ಯಾಪಾರ ಮಾತುಕತೆಯ ಡಂಕೆಲ್ ಪ್ರಸ್ತಾವವನ್ನು ಸುಡಲು ಹೊರಟರು. 1992ರ ಡಿಸೆಂಬರ್‌ನಲ್ಲಿ ಅವರ ಸಂಘದ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದರು. ಇಬ್ಬರ ವಾದವೂ ತಲುಪುವಷ್ಟು ಹತ್ತಿರದಲ್ಲಿದ್ದದ್ದು ಈ ಗಡಿನಾಡು. ನನಗೆ ಅನಿಸುವುದು, ಜೋಶಿ ಸರ್ಕಾರದ ಬಗ್ಗೆ ಹೇಳಿದ್ದು ಸರಿ, ನಂಜುಂಡಸ್ವಾಮಿ ಕಂಪನಿಗಳ ಬಗ್ಗೆ ಹೇಳಿದ್ದು ಸರಿ. ಸರ್ಕಾರಕ್ಕೂ ಕಂಪನಿಗೂ ನಡುವೆ ನಿಂತು ತೂಕ ನೋಡುವವರು ಯಾರು ಎಂಬ ಪ್ರಶ್ನೆಯನ್ನು ಇಬ್ಬರೂ ದೊಡ್ಡದು ಮಾಡಲಿಲ್ಲ.

ಕಿತ್ತೂರಿನ ಹತ್ತಿರದ ದೇಗಾಂವದ ಕಡೆಯಿಂದ ಈ ಪ್ರಶ್ನೆಯನ್ನು ನೋಡೋಣ. ಹನ್ನೆರಡನೆಯ ಶತಮಾನದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿಗೆ ಪ್ರವಾಸಿಗರು ಬಂದು ಹೋಗುತ್ತಾರೆ. ಕಿತ್ತೂರಿನ ಕೋಟೆ ನೋಡಿದವರು ಇತ್ತ ಒಂದು ಹೊರಳು ಹೊರಳುತ್ತಾರೆ. ಹಂಗಾಮಿನ ದಿನಗಳಲ್ಲಿ ಬಂದರೆ ದಾರಿಯಲ್ಲಿ ಜೋಡಿ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಳ್ಳುವುದು ತಪ್ಪದು. ಈ ಸೀಮೆಯ ಕಬ್ಬಿಗೆ ಹತ್ತಿರದ ಹಳೆಯ ಕಾರ್ಖಾನೆ ಎಂದರೆ ಮುಗುಟಖಾನ ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ. ಬೈಲಹೊಂಗಲ ಕಡೆ ಸಿದ್ದಸಮುದ್ರದಲ್ಲಿ ಸೋಮೇಶ್ವರ ಸಹಕಾರಿ ಕಾರ್ಖಾನೆ ಇದೆ. ಸಹಕಾರಿ ಕಾರ್ಖಾನೆಯ ಈ ಮಾದರಿ ಮುಂಬಯಿ ಪ್ರಾಂತದ್ದು. 1950ರ ಹೊತ್ತಿಗೆ ಪ್ರವರಾನಗರದಲ್ಲಿ ವಿಠ್ಠಲರಾವ್ ವಿಖೆ ಪಾಟೀಲ್ ಮತ್ತು ಧನಂಜಯರಾವ್ ಗಾಡಗೀಳರು ತೋರಿಸಿಕೊಟ್ಟದ್ದು, ಬೆಳಗಾವಿ ಆಗ ಅದೇ ಪ್ರಾಂತದಲ್ಲಿತ್ತು. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯ ಅಪ್ಪಣ್ಣಗೌಡ ಪಾಟೀಲರ ಹೆಸರನ್ನು ಇಂದಿಗೂ ಹಳಬರು ಗೌರವದಿಂದ ಹೇಳುತ್ತಾರೆ. ರೈತನೇ ಒಡೆಯ, ರೈತನೇ ಮಾರುವವ. ಇದಕ್ಕಿಂತ ಒಳ್ಳೆಯ ಸಮಾಜವಾದ ಬೇಕೆ?

ಒಡೆತನ ಕಾಗದದ ಮೇಲಿತ್ತು. ಷೇರು ಪತ್ರ ಟ್ರಂಕಿನಲ್ಲಿ, ದೀಪಾವಳಿಗೆ ರಿಯಾಯಿತಿ ದರದ ಷೇರು ಸಕ್ಕರೆ, ಐದು ವರ್ಷಕ್ಕೊಮ್ಮೆ ಆಡಳಿತ ಮಂಡಳಿಯ ಚುನಾವಣೆಯಲ್ಲಿ ಒಂದು ಮತ. ಕಬ್ಬಿನ ಕೊನೆಯ ಬಿಲ್ಲು ಮಾತ್ರ ಹಂಗಾಮು ಮುಗಿದು ಲೆಕ್ಕ ಕೂಡಿದ ಮೇಲೆ ಉಳಿದಷ್ಟರಲ್ಲಿ. ಸೋವಿಯತ್ ಸಾಮೂಹಿಕ ಹೊಲವಾದ ಕೋಲ್ಖೋಜ್‌ನ ಸದಸ್ಯನಿಗೂ ಬಹುಕಾಲ ಹೀಗೇ, ದುಡಿದ ದಿನಗಳ ಲೆಕ್ಕ ಬರೆದಿಟ್ಟು, ಸರ್ಕಾರಕ್ಕೆ ಒಪ್ಪಿಸಿ, ಖರ್ಚು ಕಳೆದು, ವರ್ಷದ ಕೊನೆಗೆ ಉಳಿದಿದ್ದರೆ ಪಾಲು. ನಷ್ಟವಾದರೂ ಮೇಲಿನವರು ತುಂಬಿಕೊಡುತ್ತಾರೆ ಎಂದು ಗೊತ್ತಿರುವ ಕಾರ್ಖಾನೆ ಎಂದೂ ಖರ್ಚಿನ ಮೇಲೆ ಕಣ್ಣಿಡುವುದಿಲ್ಲ ಎಂದು ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ ತಮ್ಮ ದೇಶವನ್ನು ನೋಡಿ ಬರೆದರು. ಬುಡಾಪೆಸ್ಟಿನ ಬದಲು ಅವರು ಮಂಡ್ಯದಲ್ಲಿದ್ದಿದ್ದರೂ ಅದನ್ನೇ ಬರೆಯುತ್ತಿದ್ದರೇನೋ. ಅಲ್ಲಿನ ಸರ್ಕಾರಿ ಸಕ್ಕರೆ ಕಾರ್ಖಾನೆ, 1933ರ ಮೈಷುಗರ್, ನಿಂತು, ನಡೆದು, ಮತ್ತೆ ನಿಂತು, ಸರ್ಕಾರದ ಹಣದಲ್ಲೇ 2022ರಲ್ಲಿ ಮತ್ತೆ ಶುರುವಾಗಿದೆ.

ಹೀಗೆ ಸೋತ ಕಾರ್ಖಾನೆಗಳನ್ನು ಏನು ಮಾಡುವುದು ಎಂಬುದಕ್ಕೆ ಪೂರ್ವ ಯುರೋಪ್ ಹಲವು ಉತ್ತರ ಕೊಟ್ಟಿತು. ಪೂರ್ವ ಜರ್ಮನಿಯಲ್ಲಿ ಟ್ರಾಯ್‌ಹಾಂಡ್ ಎಂಬ ಒಂದೇ ಸಂಸ್ಥೆ 1990ರಿಂದ 1994ರೊಳಗೆ ಸಾವಿರಾರು ಉದ್ದಿಮೆಗಳನ್ನು ಮಾರಿತು ಇಲ್ಲವೇ ಮುಚ್ಚಿತು. ನಮ್ಮಲ್ಲಿ ಹಿಂದೂಪುರದ್ದು ಮಾರಾಟ. ರಾಮದುರ್ಗದ್ದು ಗುತ್ತಿಗೆ. ಖಾನಪೇಟದ ಧನಲಕ್ಷ್ಮಿ ಸಹಕಾರಿ ಕಾರ್ಖಾನೆಯನ್ನು ನಡೆಸಲು ಜಿಎಂಆರ್ ಸಮೂಹದ ಕಂಪನಿ ಗುತ್ತಿಗೆ ಹಿಡಿಯಿತು, 2010ರಲ್ಲಿ ಆ ಕಂಪನಿಯೇ ಚೆನ್ನೈನ ಮುರುಗಪ್ಪ ಸಮೂಹದ ಇಐಡಿ ಪ್ಯಾರಿಯ ಪಾಲಾಯಿತು. ಬೋರ್ಡಿನಲ್ಲಿ ಸಹಕಾರಿ ಹೆಸರು, ಗೇಟಿನೊಳಗೆ ಕಂಪನಿ. 2020ರಲ್ಲಿ ಪಾಂಡವಪುರದ ಸಹಕಾರಿ ಕಾರ್ಖಾನೆ ಇದೇ ದಾರಿಯಲ್ಲಿ 40 ವರ್ಷಕ್ಕೆ ನಿರಾಣಿ ಸಮೂಹದ ಕೈಗೆ ಹೋಯಿತು. ಗುತ್ತಿಗೆಯನ್ನು ಬೈಯುವುದು ಸುಲಭ. ಆದರೆ ಗುತ್ತಿಗೆಯವನು ಬಂದ ಮೇಲೆ ಹಂಗಾಮು ಹೊತ್ತಿಗೆ ಸರಿಯಾಗಿ ಶುರುವಾಗುವುದನ್ನು ಕಂಡ ರೈತ, ತನ್ನದೇ ಸಹಕಾರಿ ಕಾರ್ಖಾನೆಯಲ್ಲಿ ಬಿಲ್ಲಿಗೆ ಕಾದು ಬೇಸತ್ತವನು, ನಮ್ಮ ಲೇಖನಗಳಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಷೇರು ಪತ್ರ ಮಾತ್ರ ಟ್ರಂಕಿನಲ್ಲೇ ಇದೆ. ಅದರ ಬೆಲೆ ಎಷ್ಟು ಎಂದು ಪೇಟೆಯಲ್ಲಿ ಕೇಳಲು ಬರುವುದಿಲ್ಲ.

ಮಾರುಕಟ್ಟೆ ಬಂತು ಎನ್ನುತ್ತೇವಲ್ಲ, ಬಂದ ಮಾರುಕಟ್ಟೆಯಲ್ಲಿ ರೈತ ಏನು ಮಾರುತ್ತಾನೆ, ಹೇಗೆ ಮಾರುತ್ತಾನೆ ನೋಡಿ. ಬೆಲೆ ಈಗಲೂ ದಿಲ್ಲಿಯದು. ಹೆಸರು ಮಾತ್ರ 2009ರಲ್ಲಿ ಬದಲಾಗಿ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ದರ) ಎಂದಾಯಿತು. 2025–26ರ ಹಂಗಾಮಿಗೆ ಕ್ವಿಂಟಲಿಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಓದಲು ಚೆನ್ನಾಗಿದೆ. ಆದರೆ ಅದು ಶೇ 10.25 ಇಳುವರಿಗೆ, ಅಂದರೆ ನೂರು ಕಿಲೊ ಕಬ್ಬಿಗೆ ಹತ್ತೂಕಾಲು ಕಿಲೊ ಸಕ್ಕರೆ ಬಂದರೆ. 2009ರಲ್ಲಿ ಈ ಮೂಲ ಇಳುವರಿ ಶೇ 9.5 ಇತ್ತು, 2018ರಲ್ಲಿ 10 ಆಯಿತು, 2022ರಲ್ಲಿ 10.25. ದರ ಏರಿಸುತ್ತ ಏರಿಸುತ್ತ ಮೆಟ್ಟಿಲನ್ನೂ ಏರಿಸಿದ್ದಾರೆ ಎಂದು ರೈತ ಸಂಘದವರು ಹೇಳುವುದರಲ್ಲಿ ಹುಸಿಯಿಲ್ಲ. ಇನ್ನು ಆ ದರ ಕಾರ್ಖಾನೆಯ ಗೇಟಿನಲ್ಲಿ. ಕಟಾವು ಮತ್ತು ಸಾಗಣೆಯ ಖರ್ಚು ಅದರೊಳಗೇ ಕಡಿತ.

ಇಳುವರಿ ಎಷ್ಟೆಂದು ಹೇಳುವುದು ಕಾರ್ಖಾನೆಯ ಲ್ಯಾಬು. ಅದೂ ಕಾರ್ಖಾನೆಗೆ ಬಂದ ಎಲ್ಲರ ಕಬ್ಬಿನ ಸರಾಸರಿ. ಒಬ್ಬ ಒಳ್ಳೆಯ ತಳಿ ಹಾಕಿ, ಗೊಬ್ಬರ ನೀರು ಅಳೆದು ಕೊಟ್ಟು, ಪಕ್ವವಾದಾಗ ಕಡಿಸಿದ. ಇನ್ನೊಬ್ಬ ಕಡಿಯುವವರೆಗೂ ನೀರು ಹಾಯಿಸಿ ತೂಕ ಹೆಚ್ಚಿಸಿಕೊಂಡ. ಇಬ್ಬರಿಗೂ ಟನ್ನಿಗೆ ಒಂದೇ ದರ. ಖಾಸಗಿ ಕಂಪನಿಯ ಗೇಟಿನೊಳಗೆ ಸಾಮೂಹಿಕ ಬೇಸಾಯದ ಲೆಕ್ಕ ಹೀಗೆ ಬದುಕಿಕೊಂಡಿದೆ, ಯಾರೂ ಅದನ್ನು ಸಮಾಜವಾದ ಎನ್ನುವುದಿಲ್ಲ.

ಎಲ್ಲಿಗೆ ಮಾರಬೇಕು ಎಂಬುದಕ್ಕೂ ಗಡಿ ಇದೆ. ಮಹಾರಾಷ್ಟ್ರ ಆ ಗಡಿಯನ್ನು 1997ರಲ್ಲೇ ತೆಗೆಯಿತು, ಕರ್ನಾಟಕದಲ್ಲಿ ಕಾರ್ಖಾನೆಗಳಿಗೆ ಪ್ರದೇಶ ಹಂಚುವ ಪದ್ಧತಿ ಉಳಿದಿದೆ. ಹಾಗಾಗಿ ಗಡಿಭಾಗದ ರೈತ ಕೊಲ್ಲಾಪುರದ ದರ ಎಷ್ಟು ಬಿತ್ತು ಎಂದು ಕಿವಿ ನಿಮಿರಿಸಿ ಕೂರುತ್ತಾನೆ. ರಾಜು ಶೆಟ್ಟಿಯವರ ರೈತ ಸಂಘಟನೆ ಅಲ್ಲಿ ಮೊದಲ ಕಂತನ್ನು ಎಷ್ಟಕ್ಕೆ ಎಳೆಯಿತು ಎಂಬುದು ಇಲ್ಲಿನ ಚೌಕಾಶಿಗೆ ಬುನಾದಿ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು 3,500 ರೂಪಾಯಿ ಬೇಕೆಂದು ಕುಳಿತದ್ದು, ಕೊನೆಗೆ ಮುಖ್ಯಮಂತ್ರಿಯೇ ಕಾರ್ಖಾನೆಯವರನ್ನು ಕರೆಸಿ 3,300ಕ್ಕೆ ಒಪ್ಪಂದ ಮಾಡಿಸಿದ್ದು ಎಲ್ಲರ ನೆನಪಿನಲ್ಲಿದೆ. ಬೆಲೆ ನಿಗದಿಯಾದದ್ದು ಪೇಟೆಯಲ್ಲೂ ಅಲ್ಲ, ಕಚೇರಿಯಲ್ಲೂ ಅಲ್ಲ, ಹೆದ್ದಾರಿಯಲ್ಲಿ.

ಕಾರ್ಖಾನೆಯವರೂ ತಮ್ಮ ಅಳಲು ಹೇಳುತ್ತಾರೆ, ಅದರಲ್ಲೂ ಹುರುಳಿದೆ. 2013ರಲ್ಲಿ ಬಿಟ್ಟ ತಿಂಗಳ ಬಿಡುಗಡೆ ಆದೇಶವನ್ನು ಕೇಂದ್ರ 2018ರಲ್ಲಿ ಮತ್ತೆ ತಂದಿತು. ಸಕ್ಕರೆಗೆ ಕಿಲೊಗೆ 29 ರೂಪಾಯಿ ಕನಿಷ್ಠ ಮಾರಾಟ ಬೆಲೆ ಹಾಕಿ 2019ರಲ್ಲಿ 31ಕ್ಕೆ ಏರಿಸಿತು. ಆಮೇಲೆ ಕಬ್ಬಿನ ದರ ವರ್ಷವರ್ಷ ಏರುತ್ತಿದ್ದರೂ ಆ 31 ಬಹುಕಾಲ ಅಲುಗಲೇ ಇಲ್ಲ. ಎಥೆನಾಲ್ ಮಾಡಿ ಎಂದು ಹುರಿದುಂಬಿಸಿ ಸಾಲ ಕೊಡಿಸಿದ ಸರ್ಕಾರವೇ 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ಎಥೆನಾಲ್ ಬೇಡ ಎಂದಿತು. ರಫ್ತಿನ ಬಾಗಿಲು ಒಮ್ಮೆ ತೆರೆಯುತ್ತದೆ, ಒಮ್ಮೆ ಮುಚ್ಚುತ್ತದೆ. ಅರ್ಧ ಬಿಟ್ಟು ಅರ್ಧ ಹಿಡಿದ ಈ ಸ್ಥಿತಿಯಲ್ಲಿ ಎಲ್ಲರೂ ಇನ್ನೊಬ್ಬರತ್ತ ಬೆರಳು ತೋರಿಸಬಹುದು. ಕೊನೆಗೆ ಕೆಳಗಿನವನ ಬಿಲ್ಲು ತಡವಾಗುತ್ತದೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಶೇ 15 ಬಡ್ಡಿ ಎಂದು 1966ರ ಆದೇಶದ ಅಡಿಯಲ್ಲೇ ನಿಯಮವಿದೆ. ಬಡ್ಡಿ ಎಣಿಸಿಕೊಂಡ ರೈತನನ್ನು ಹುಡುಕಲು ಬೇರೆಯೇ ಯಾತ್ರೆ ಮಾಡಬೇಕು.

ನನ್ನ ಮಟ್ಟಿಗೆ ಈ ದಾಟುವಿಕೆಯ ಗಂಟು ಇರುವುದು ಬೆಲೆಯಲ್ಲಿ ಅಲ್ಲ, ತೂಕದ ಕಾಟಾದಲ್ಲಿ. ಟ್ರ್ಯಾಕ್ಟರು ಗೇಟಿನೊಳಗೆ ಹೋಗಿ ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತದೆ, ಕಿಟಕಿಯೊಳಗೆ ಅಂಕಿ ಮೂಡುತ್ತದೆ, ಚೀಟಿ ಹೊರಬರುತ್ತದೆ. ಹೊಲದ ಒಡೆಯ ಅಲ್ಲಿರುವುದಿಲ್ಲ, ಡ್ರೈವರ್ ಇರುತ್ತಾನೆ. 'ತೂಕದಾಗ ಹೊಡೀತಾರ್ರೀ' ಎಂಬ ಮಾತು ಕಬ್ಬಿನ ಸೀಮೆಯ ಚಹಾದಂಗಡಿಯಲ್ಲಿ ಕೇಳಿಬರದ ದಿನವಿಲ್ಲ. ಹೊಡೆಯುತ್ತಾರೋ ಇಲ್ಲವೋ, ಆ ಅನುಮಾನವನ್ನು ಪರಿಹರಿಸುವ ದಾರಿ ಇಲ್ಲದಿರುವುದೇ ದೊಡ್ಡ ಸಂಗತಿ. ಲೆಕ್ಕ ಹಾಕಿ ನೋಡಿ. ಎಕರೆಗೆ 40 ಟನ್ ಎಂದುಕೊಂಡರೆ ಎರಡು ಜೋಡಿ ಟ್ರೇಲರ್ ಲೋಡು. ಲೋಡಿಗೆ ಐದು ಕ್ವಿಂಟಲ್ ತಪ್ಪಿದರೂ ಎಕರೆಗೆ ಒಂದು ಟನ್, ಅಂದರೆ 3,300 ರೂಪಾಯಿ. ಗುರ್ಲಾಪುರದಲ್ಲಿ ರಾತ್ರಿಯೆಲ್ಲ ಕುಳಿತು ಟನ್ನಿಗೆ ನೂರು ರೂಪಾಯಿ ಹೆಚ್ಚು ಪಡೆದರೆ ಎಕರೆಗೆ ಸಿಗುವುದು 4,000. ಅಷ್ಟರ ಬಹುಪಾಲು ಈ ಚೀಟಿಯಲ್ಲಿ ಹೋಗಿಬಿಡಬಹುದು.

ಕೊಳ್ಳುವವನ ತಕ್ಕಡಿಯಲ್ಲೇ ಮಾರುವವನ ಮಾಲು ತೂಗುವ ವ್ಯಾಪಾರವನ್ನು ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ಯಾವ ರೈತನೂ ಮಾತಾಡದೆ ಒಪ್ಪುವುದಿಲ್ಲ. ಅಲ್ಲಿ ಅಡತಿ ಇದ್ದಾನೆ, ಎಪಿಎಂಸಿ ಇದೆ, ಪಕ್ಕದಲ್ಲಿ ನಾಲ್ಕು ಜನ ನಿಂತಿರುತ್ತಾರೆ, ದರ ಹಿಡಿಸದಿದ್ದರೆ ಅಂಡಿಗೆ ಕಟ್ಟಿಕೊಂಡು ಮರಳಿ ಮನೆಗೆ ಒಯ್ಯಬಹುದು. ರಷ್ಯಾದಲ್ಲಿ ಬೆಲೆ ಬಿಡುಗಡೆಗೆ ಒಂದು ದಿನ ಸಾಕಾಯಿತು. ಒಪ್ಪಂದ ಮುರಿದವನನ್ನು ಕೇಳುವ ನ್ಯಾಯಾಲಯ, ನಂಬುವಂಥ ಲೆಕ್ಕಪತ್ರ, ಸರಿಯಾದ ಭೂದಾಖಲೆ ಇವು ಹತ್ತು ವರ್ಷಕ್ಕೂ ಗಟ್ಟಿಯಾಗಲಿಲ್ಲ, ಆ ಬಿರುಕಿನಲ್ಲಿ ಕುಬೇರರು ಹುಟ್ಟಿಕೊಂಡರು. ನಾವು ನಿಧಾನವಾಗಿ ಬಂದೆವು, ಹಾಗಾಗಿ ನಮ್ಮಲ್ಲಿ ಆಯುಷ್ಯ ಇಳಿಯಲಿಲ್ಲ, ಉಳಿತಾಯ ಮಣ್ಣಾಗಲಿಲ್ಲ. ಅದು ಸಣ್ಣ ಮಾತಲ್ಲ. ಆದರೆ ಮೂವತ್ತು ವರ್ಷ ಸಮಯ ಸಿಕ್ಕಿದ್ದರೂ ಗೇಟಿನ ಹೊರಗೆ ಎಲ್ಲರೂ ನಂಬುವ ಒಂದು ಕಾಟಾ ಹಾಕುವುದು ಆಗಲಿಲ್ಲ ಎಂದರೆ ನಿಧಾನವೇ ಪ್ರಧಾನ ಎನ್ನುವವರೂ ಸ್ವಲ್ಪ ಯೋಚಿಸಬೇಕು.

ಕಬ್ಬಿನ ಕಥೆಯಲ್ಲಿ ಇನ್ನೊಬ್ಬರಿದ್ದಾರೆ, ಯಾವ ನಿಯಂತ್ರಣ ಆದೇಶದಲ್ಲೂ ಅವರ ಹೆಸರಿರಲಿಲ್ಲ. ವಿಜಯಪುರದ ಒಣಭೂಮಿಯಿಂದ, ಗಡಿಯಾಚೆಯ ಬೀಡ್ ಕಡೆಯಿಂದ ಬರುವ ಕಟಾವಿನ ಗ್ಯಾಂಗುಗಳು. ಮುಕಾದಮನಿಂದ ಮುಂಗಡ ಹಿಡಿದು, ಮಕ್ಕಳು ಮರಿ ಕಟ್ಟಿಕೊಂಡು, ರವದಿಯ ಗುಡಿಸಲಲ್ಲಿ ಹಂಗಾಮು ಕಳೆಯುವವರು. ಸಮಾಜವಾದದ ಮಾತು ನಡೆಯುತ್ತಿದ್ದ ಕಾಲದಲ್ಲೂ ಇವರು ಪೂರ್ತಿ ಮಾರುಕಟ್ಟೆಯಲ್ಲೇ ಇದ್ದರು. ಟನ್ನಿಗೆ ಇಷ್ಟು ಎಂಬ ಕೂಲಿ ಕಾರ್ಖಾನೆಯ ಲೆಕ್ಕದಲ್ಲಿ ರೈತನ ಬಿಲ್ಲಿನಿಂದ ಕಡಿತವಾಗುತ್ತದೆ. ಅದರ ಮೇಲೆ ಹೊಲಕ್ಕೆ ಕುಡಗೋಲು ಇಳಿಸುವ ಮೊದಲು ಗ್ಯಾಂಗಿಗೆ ಖುಷಾಲಿ ಎಂಬ ಮೇಲುಹಣ, ಡ್ರೈವರನಿಗೆ ಬೇರೆ. ಕಬ್ಬು ಒಣಗುತ್ತಿದ್ದರೆ ಖುಷಾಲಿ ಏರುತ್ತದೆ, ಗ್ಯಾಂಗು ಹೆಚ್ಚಿದ್ದರೆ ಇಳಿಯುತ್ತದೆ. ಈಗ ಕಟಾವು ಯಂತ್ರಗಳು ಬರುತ್ತಿವೆ. ದೊಡ್ಡ ಪಟ್ಟಿಯ ಹೊಲದಲ್ಲಿ ಅವು ಸರಾಗ ಓಡುತ್ತವೆ. ಎರಡೆಕರೆಯ ಬದುವಿನೊಳಗೆ ತಿರುಗಲು ಜಾಗವಿಲ್ಲ. ಹಾಗಾಗಿ ಸಣ್ಣ ರೈತ ಸಂಜೆ ಹೊತ್ತು ಗ್ಯಾಂಗಿನ ಗುಡಿಸಲ ಮುಂದೆ ಹೋಗಿ ನಿಲ್ಲುತ್ತಾನೆ, 'ಎಷ್ಟಾತಪಾ ಖುಷಾಲಿ?' ಎಂದು ಕೇಳುತ್ತಾನೆ. ಕಬ್ಬು ಬಿತ್ತಿದಾಗಿನಿಂದ ಸಕ್ಕರೆ ಅಂಗಡಿ ಸೇರುವವರೆಗಿನ ಇಡೀ ಸಾಲಿನಲ್ಲಿ ದಿಲ್ಲಿ ಬೆಂಗಳೂರಿನ ಯಾರನ್ನೂ ಕೇಳದೆ, ಎದುರುಬದುರು ನಿಂತು ಚೌಕಾಶಿ ಮಾಡಿ ಕುದುರುವ ಬೆಲೆ ಅದೊಂದೇ.